ಮಂದ್ರದ ಕಲಿಕೆ

ತಾರಸ್ಥಾಯಿಯನ್ನು ಮುಟ್ಟಿದ ಗಾಯಕನಿಗೆ ಸಭೆಯ ಚಪ್ಪಾಳೆ ಸಲ್ಲುತ್ತದೆ. ಮಂದ್ರದಲ್ಲಿ ನಿಶ್ಚಲನಾಗಿ ನಿಂತವನಿಗೆ ಅದು ಸಲ್ಲುವುದು ವಿರಳ. ಆದರೂ ತಗ್ಗಿದ ಸ್ವರದ ಮೋಹಕ್ಕೆ ಸಿಕ್ಕಿದವನು ಅದರಿಂದ ಸುಲಭವಾಗಿ ಬಿಡಿಸಿಕೊಳ್ಳಲಾರನು. 1940ರಲ್ಲಿ ಆರಂಭವಾದ ವಿಮಾನ ಕಾರ್ಖಾನೆಯ ನೆರೆಯಾದ ವಿಮಾನಪುರದಲ್ಲಿ, ಇಂಜಿನುಗಳ ಮೊರೆತವನ್ನು ಕೇಳುತ್ತ ಬೆಳೆದ ತರುಣನೊಬ್ಬನು ಹಾಡಲು ಕುಳಿತನೆಂದರೆ, ಗಂಭೀರನಾದವು ಬಲದ ಫಲವೆಂದು ಅವನು ಭಾವಿಸುವುದು ಸಹಜವೇ ಸರಿ. ಗದ್ದವನ್ನು ಎದೆಗೊತ್ತಿ, ಕೊರಳನ್ನು ಬಿಗಿದು, ಷಡ್ಜದಿಂದ ಕೆಳಗಿಳಿಯುತ್ತಾನೆ. ಮಂದ್ರ ಪಂಚಮದ ಬಳಿ ಸ್ವರವು ಒಡೆದು ಬರಿಯ ಉಸಿರಾಗುತ್ತದೆ.

ಇದರ ಕಾರಣವು ಗೂಢವಾದುದಲ್ಲ. ಧ್ವನಿತಂತುಗಳು ನೀಳವಾಗಿ ಬಿಗಿದಷ್ಟೂ ಸ್ವರವು ಏರುತ್ತದೆ; ಸಡಿಲಗೊಂಡು ದಪ್ಪವಾದಷ್ಟೂ ಇಳಿಯುತ್ತದೆ. ಉಸಿರಿನ ಒತ್ತಡ ಹೆಚ್ಚಿದರೆ ಸ್ವರವು ಏರಲೆಳಸುವುದೇ ಹೊರತು ಇಳಿಯದು. ಆದುದರಿಂದ ಮಂದ್ರಸಾಧಕನು ಮೊದಲು ಕಲಿಯಬೇಕಾದುದು ಬಲವನ್ನು ಬಿಡುವುದನ್ನು. ಮುಂಜಾನೆ ತಂಬೂರಿಯ ಜೊತೆಯಲ್ಲಿ ದಿನಕ್ಕೊಂದಿಷ್ಟು ಹಿಡಿದ ಸ್ವರವೇ ತಿಂಗಳುಗಳ ಮೇಲೆ ಮೆಲ್ಲನೆ ಇನ್ನೊಂದು ಮೆಟ್ಟಿಲನ್ನು ತೋರುತ್ತದೆ.

ಆ ಮೆಟ್ಟಿಲುಗಳೆಲ್ಲ ಮುಗಿದ ಮೇಲೂ ಕೆಳಗಿಳಿಯುವ ವಿದ್ಯೆಯೊಂದುಂಟು. ಅದನ್ನು ಕಾಣಲು ಹಿಮಾಲಯವನ್ನು ದಾಟಬೇಕಾಗಿಲ್ಲ. ಟಿಬೆಟ್ಟಿನಲ್ಲಿ 1433ರಲ್ಲಿ ಸ್ಥಾಪಿತವಾದ ಗ್ಯುಮೆ ತಾಂತ್ರಿಕ ವಿಹಾರವು, 1959ರ ಬಳಿಕ ನಾಡನ್ನು ಬಿಟ್ಟು ಬಂದ ಭಿಕ್ಷುಗಳಿಂದ ಮೈಸೂರು ಜಿಲ್ಲೆಯ ಹುಣಸೂರಿನ ಸಮೀಪ ಗುರುಪುರದಲ್ಲಿ ಮತ್ತೆ ನೆಲೆಗೊಂಡಿದೆ. ಇಂತಹ ವಿಹಾರಗಳ ಮಂತ್ರಪಠನದಲ್ಲಿ ಒಬ್ಬನ ಕಂಠದಿಂದಲೇ ಹಲವು ಸ್ವರಗಳು ಒಟ್ಟಿಗೆ ಕೇಳಿಬರುವುದನ್ನು ಹಸ್ಟನ್ ಸ್ಮಿತ್ ಮೊದಲಾದ ವಿದ್ವಾಂಸರು 1967ರಲ್ಲಿ ಶಾಸ್ತ್ರಲೋಕಕ್ಕೆ ತಿಳಿಸಿದರು. ಧ್ವನಿತಂತುಗಳ ಮೇಲುಗಡೆ ಮಿಥ್ಯಾತಂತುಗಳೆಂಬ ಇನ್ನೊಂದು ಜೊತೆ ಮಡಿಕೆಗಳಿವೆ. ಈ ಬಗೆಯ ಧ್ವನಿಯಲ್ಲಿ ಅವೂ ಮಿಡಿಯುತ್ತವೆ: ಕೆಳಗಿನವು ಎರಡು ಸಲ ಕಂಪಿಸುವಷ್ಟರಲ್ಲಿ ಮೇಲಿನವು ಒಂದು ಸಲ. ಹೀಗೆ ಸೆಕೆಂಡಿಗೆ 130 ಕಂಪನಗಳ ಷಡ್ಜವನ್ನು ಹಿಡಿದವನ ಕಂಠದಲ್ಲಿ 65 ಕಂಪನಗಳ ಮಂದ್ರ ಷಡ್ಜವು ಮೊಳಗುತ್ತದೆ.

ಯಂತ್ರದಲ್ಲಿ ಇದನ್ನು ಕೇಳಿ ಬೆರಗಾದ ತರುಣನು ಆ ರಾತ್ರಿಯೇ ಅನುಕರಣಕ್ಕೆ ತೊಡಗಬಹುದು. ಅಪಾಯವಿರುವುದು ಇಲ್ಲಿಯೇ. ಗಂಟಲನ್ನು ಕೆರೆದು ಹೊರಡಿಸಿದ ಒರಟು ಸದ್ದೂ ಅವನ ಕಿವಿಗೆ ಗಂಭೀರವಾಗಿಯೇ ತೋರುತ್ತದೆ. ಆದರೆ ಹೊಸ ಧ್ವನಿಯನ್ನರಸಿ ಹೊರಟವನು ಇದ್ದ ಧ್ವನಿಗೇ ಎರವಾದಾನು. ಭಿಕ್ಷುಗಳು ಹಿರಿಯರ ಸಾಲಿನಲ್ಲಿ ಕುಳಿತು ವರ್ಷಗಟ್ಟಲೆ ಕಲಿಯುತ್ತಾರೆ; ಅವರಿಗೆ ಅದು ಪೂಜೆಯ ಅಂಗವೇ ಹೊರತು ಪ್ರದರ್ಶನದ ಸರಕಲ್ಲ. ತಿದ್ದುವ ಕಿವಿಯೊಂದು ಎದುರಿಗಿಲ್ಲದವನಿಗೆ ಆತುರವೇ ಗುರುವಾಗುತ್ತದೆ.

ಸಾಧಕನು ತನ್ನನ್ನು ಪರೀಕ್ಷಿಸಿಕೊಳ್ಳಲು ಸುಲಭವಾದ ಉಪಾಯವೊಂದಿದೆ. ಅಭ್ಯಾಸ ಮುಗಿದ ಮೇಲೆ ಮನೆಯ ಮಗುವಿಗೆ ಕಥೆ ಹೇಳುವ ಧ್ವನಿಯು ಎಂದಿನಂತೆ ತಿಳಿಯಾಗಿದ್ದರೆ ಮರುದಿನ ಮತ್ತೆ ಕುಳಿತುಕೊಳ್ಳಬಹುದು. ಗೊಗ್ಗರಾಗಿದ್ದರೆ ತಂಬೂರಿಯನ್ನು ಗೋಡೆಗೊರಗಿಸಿ ಕೆಲವು ದಿನ ಸುಮ್ಮನಿರುವುದೇ ಲೇಸು.