ಎರಡು ಸೂರ್ಯರ ಪಟ

ದಮಯಂತಿಯ ಸ್ವಯಂವರದಲ್ಲಿ ಐವರು ನಳರು ಸಾಲಾಗಿ ಕುಳಿತ ಕಥೆ ವಾಚಕರಿಗೆ ತಿಳಿದೇ ಇದೆ. ನಾಲ್ವರು ದೇವತೆಗಳು, ರೂಪದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಆದರೆ ದೇವತೆಗಳಿಗೆ ನೆರಳಿರಲಿಲ್ಲ. ಜಾಣೆ ದಮಯಂತಿ ನೆರಳುಳ್ಳವನಿಗೆ ಮಾಲೆ ಹಾಕಿದಳು.

ಇಂದಿನ ಸಿನಿಮಾದವರಿಗೂ ಇದೇ ಪರೀಕ್ಷೆ. 2012ರಲ್ಲಿ ರಾಜಮೌಳಿಯವರ ‘ಈಗ’ ಬಂದಾಗ ನಾವು ವಿಜಯವಾಡದಲ್ಲಿ ಹೊಸದಾಗಿ ನೌಕರಿಗೆ ಸೇರಿದ್ದೆವು. ಖಳನಾಯಕ ನಮ್ಮ ಶಿವಮೊಗ್ಗದ ಸುದೀಪ್ ಎಂಬ ಅಭಿಮಾನದಿಂದ ತಂದೆತಾಯಿಗಳನ್ನೂ ಕರೆದೊಯ್ದೆವು. ತೆಲುಗಿನಲ್ಲಿ ಈಗ ಎಂದರೆ ನೊಣ. ಸುದೀಪ್ ಸೆಣಸಿದ್ದು ಎದುರಿಗೆ ಇಲ್ಲದ ನೊಣದೊಡನೆ. ಕಂಪ್ಯೂಟರಿನ ನೊಣ ಬಂದು ಕೂತದ್ದು ಆಮೇಲೆ. ನಮ್ಮ ತಂದೆಯವರು ಮಾತ್ರ, “ಇಷ್ಟು ಚೆನ್ನಾಗಿ ಪಳಗಿಸಿದ್ದಾರಲ್ಲ!” ಎಂದು ಬೆರಗಾದರು. ಆ ಕೈಚಳಕಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಇಂಥ ಕೆಲಸದ ಗುಟ್ಟು ಬೆಳಕಿನಲ್ಲಿದೆ. ಚಿತ್ರೀಕರಣದ ಸ್ಥಳದಲ್ಲಿ ಎರಡು ಗುಂಡುಗಳನ್ನಿಟ್ಟು ಫೋಟೋ ತೆಗೆಯುವುದು ವಾಡಿಕೆ. ಬೂದುಬಣ್ಣದ ಗುಂಡಿನ ಮೇಲೆ ಬೆಳಕು ಯಾವ ಕಡೆಯಿಂದ ಬಂತು, ನೆರಳಿನ ಅಂಚು ಗಡುಸೋ ಮೃದುವೋ ಎಂಬುದು ಕಾಣುತ್ತದೆ. ಕನ್ನಡಿಯಂಥ ಗುಂಡಿನಲ್ಲಿ ಸುತ್ತಣ ದೀಪ, ಕಿಟಕಿ, ಆಕಾಶವೆಲ್ಲ ಮೂಡುತ್ತವೆ. ಅದನ್ನು ಮಂಕಾಗಿ, ಪ್ರಖರವಾಗಿ, ಹೀಗೆ ಹಲವು ಸಲ ತೆಗೆದು ಒಂದುಗೂಡಿಸಿದರೆ ಆ ಸ್ಥಳದ ಬೆಳಕಿನ ಲೆಕ್ಕವೆಲ್ಲ ಸಿಕ್ಕಂತೆ. ಅಮೆರಿಕದ ಪಾಲ್ ಡೆಬೆವೆಕ್ 1998ರಲ್ಲಿ ಈ ಕ್ರಮವನ್ನು ಪ್ರಕಟಿಸಿದರು. ಕಂಪ್ಯೂಟರಿನ ಬೊಂಬೆಗೂ ಅದೇ ಬೆಳಕನ್ನು ಅಷ್ಟೇ ಅಳತೆಯಲ್ಲಿ ಬಡಿಸಬೇಕು. ಕಾಲಡಿಯ ನೆರಳು ತಪ್ಪಿದರೆ ಅದು ನೆಲಕ್ಕೆ ತಾಗದೆ ತೇಲುತ್ತದೆ. ಗುಮಾಸ್ತೆಗಳಾದ ನಮಗೆ ಲೆಕ್ಕ ತಾಳೆ ನೋಡುವುದು ನಿತ್ಯದ ಕಸುಬು; ಇದು ಬೆಳಕಿನ ತಾಳೆ.

ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದ ಮೇಲೆ ತೀರ್ಥರೂಪರು ತೀರಿಕೊಂಡರು. ಮನೆಮಂದಿಯೆಲ್ಲ ಅವರೊಡನಿರುವ ಪಟವೊಂದು ಬೇಕೆಂದು ತಾಯಿಯವರ ಆಸೆ. ಇಲ್ಲಿನ ಸಮುದ್ರತೀರದಲ್ಲಿ ಮುಂಜಾನೆ ತೆಗೆದ ನಮ್ಮ ಸಂಸಾರದ ಪಟವನ್ನೂ, ಪ್ರಕಾಶಂ ಬ್ಯಾರೇಜಿನ ಮೇಲೆ ಸಂಜೆ ಮೊಬೈಲಿನಲ್ಲಿ ತೆಗೆದ ತಂದೆಯವರ ಪಟವನ್ನೂ ಒಂದು ಸ್ಟುಡಿಯೋಗೆ ಕೊಟ್ಟೆವು. ಕೂದಲೆಳೆಯಷ್ಟೂ ಕೆಡದಂತೆ ಕೂಡಿಸಿಕೊಟ್ಟರು. ಆದರೆ ನಮ್ಮೆಲ್ಲರ ಎಡಗೆನ್ನೆಯ ಮೇಲೆ ಬಿಳಿ ಬಿಸಿಲು. ಅವರ ಬಲಗೆನ್ನೆಯ ಮೇಲೆ ಹೊಂಬಿಸಿಲು. ನಮ್ಮ ನೆರಳು ಮರಳಿನ ಮೇಲೆ ಉದ್ದಕ್ಕೆ ಚಾಚಿತ್ತು. ಅವರಿಗೆ ನೆರಳೇ ಇರಲಿಲ್ಲ.

ತಾಯಿಯವರು ಬಹಳ ಹೊತ್ತು ನೋಡಿದರು. “ಇವರು ನಮ್ಮ ಜೊತೆ ನಿಂತಿಲ್ಲ ಕಣೋ” ಎಂದರು.

ತಂದೆಯವರ ಚಿತ್ರವನ್ನು ಎಡಬಲ ತಿರುಗಿಸಿದರೆ ಸರಿಹೋಗುತ್ತದೆಂದು ಸ್ಟುಡಿಯೋದವರು ಸೂಚಿಸಿದರು. ಬಿಸಿಲೇನೋ ಈ ಕಡೆ ಬರುತ್ತಿತ್ತು. ಜೊತೆಗೆ ಬಲಗೆನ್ನೆಯ ಮಚ್ಚೆಯೂ ಎಡಕ್ಕೆ ಬರುತ್ತಿತ್ತು. ನಲವತ್ತು ವರ್ಷ ಆ ಮಚ್ಚೆ ಕಂಡವರು ಒಪ್ಪಿಯಾರೆ?

ಕೊನೆಗೆ ಎರಡಕ್ಕೂ ಬೇರೆ ಬೇರೆ ಕಟ್ಟು ಹಾಕಿಸಿ ಪಕ್ಕಪಕ್ಕದಲ್ಲೇ ತೂಗುಹಾಕಿದೆವು. ತಾಯಿಯವರಿಗೆ ಅದೇ ಒಪ್ಪಿತವಾಯಿತು.

ಊರು ಬಿಟ್ಟು ಊರಿಗೆ ಬಂದ ಸಂಸಾರಗಳು ಎಲ್ಲರೂ ಒಂದೆಡೆ ಸೇರುವುದೇ ವರ್ಷಕ್ಕೊಮ್ಮೆ. ಬರುವ ಯುಗಾದಿಗೆ ಹೋಳಿಗೆಯ ಊಟ ಮುಗಿದೊಡನೆ ಹಿರಿಯರನ್ನು ನಡುವೆ ಕೂರಿಸಿ, ಒಂದೇ ಬೆಳಕಿನಲ್ಲಿ ಒಂದು ಪಟ ತೆಗೆದಿಡಿರಿ.