ಅವ್ವನ ಭಿಶಿ

ನನ್ನ ಮೊದಲ ಕಥಾಸಂಕಲನದ ಅರ್ಪಣೆ ಪುಟಕ್ಕೆ ನಾನು ಬರೆದು ಕಳಿಸಿದ್ದು ಎರಡೇ ಶಬ್ದ: ‘ಅವ್ವನ ಭಿಶಿಗೆ’. ಅಚ್ಚಾಗಿ ಬಂದದ್ದು ‘ಅವ್ವನ ಬಿಸಿಗೆ’. ಒಂದೆರಡರಲ್ಲಲ್ಲ, 500 ಪ್ರತಿಗಳಲ್ಲಿ.

ಕರಡು ತಿದ್ದಿದವರು ಬೆಂಗಳೂರಿನವರು. ಕೆಲಸದಲ್ಲಿ ಅಚ್ಚುಕಟ್ಟು. ನನ್ನ ಒತ್ತಕ್ಷರದ ತಪ್ಪುಗಳನ್ನೆಲ್ಲ ಅವರು ಹಿಡಿಯದಿದ್ದರೆ ಇನ್ನಷ್ಟು ಮರ್ಯಾದೆ ಹೋಗುತ್ತಿತ್ತು. ಅವರ ಕಡೆ ಭಿಶಿಗೆ ಚೀಟಿ ಅನ್ನುತ್ತಾರೆ. ಮರಾಠಿ ಶಾಲೆಯಲ್ಲಿ ಓದಿದ ಹುಡುಗಿ, ಅಲ್ಪಪ್ರಾಣ ಮಹಾಪ್ರಾಣ ಗೊಂದಲವಾಗಿರಬೇಕು ಅಂದುಕೊಂಡು ತಿದ್ದಿಬಿಟ್ಟರು. ಕೊನೆಯ ಪ್ರೂಫ್ ನನಗೂ ಬಂದಿತ್ತು. ಹಿಂಜವಡಿಗೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ 128 ಪುಟ ನೋಡಿದೆ. ಅರ್ಪಣೆಯನ್ನು ಮಾತ್ರ ದಾಟಿಸಿದೆ. ಎರಡು ಶಬ್ದದಲ್ಲಿ ಏನು ತಪ್ಪಾದೀತು?

ಭಿಶಿ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಪುಣೆಯ ಬಿಬವೇವಾಡಿಯ ನಮ್ಮ ಗಲ್ಲಿಯಲ್ಲಿ ಹನ್ನೆರಡು ಹೆಂಗಸರು ತಿಂಗಳಿಗೆ ಮೂರು ಸಾವಿರದಂತೆ ಹಾಕುತ್ತಾರೆ. ತಿಂಗಳ ಮೊದಲ ರವಿವಾರ ಸ್ಟೀಲ್ ಡಬ್ಬಿಯಲ್ಲಿ ಹೆಸರಿನ ಚೀಟಿಗಳನ್ನು ಅಲ್ಲಾಡಿಸಿ ಒಂದನ್ನು ಎತ್ತುತ್ತಾರೆ. ಬಂದವಳಿಗೆ ಆ ತಿಂಗಳ 36,000. ಕಾಗದಪತ್ರ ಇಲ್ಲ, ಸಹಿ ಇಲ್ಲ, ಬಡ್ಡಿ ಇಲ್ಲ. ಅವ್ವ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ಆ ರೊಕ್ಕ ನನ್ನ ಮದುವೆಯ ಬಂಗಾರಕ್ಕೆಂದು ಇಟ್ಟದ್ದು.

ನಾವು ಮೂಲತಃ ಇಂಡಿ ತಾಲೂಕಿನವರು. ನಾನು ಆರು ವರ್ಷದವಳಿದ್ದಾಗ ಅಪ್ಪ ಗೌಂಡಿ ಕೆಲಸ ಹುಡುಕಿಕೊಂಡು ಪುಣೆಗೆ ಬಂದ. ಕನ್ನಡ ಅಕ್ಷರ ಕಲಿಸಿದವಳು ಅವ್ವ. ಓದುವ ಚಟ ಹಚ್ಚಿದ್ದು ಮಾತ್ರ ರೊಟ್ಟಿ. ಊರಿನಿಂದ ಆಯಿ ತಿಂಗಳಿಗೊಮ್ಮೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಟಕ ರೊಟ್ಟಿಯ ಗಂಟು ಕಳಿಸುತ್ತಿದ್ದಳು. ಸ್ವಾರಗೇಟ್ ನಿಲ್ದಾಣಕ್ಕೆ ಹೋಗಿ ತರುವ ಕೆಲಸ ನನ್ನದು. ಶೇಂಗಾ ಚಟ್ನಿ ಕಟ್ಟಿದ ರದ್ದಿ ಹಾಳೆಗಳಲ್ಲಿ ವಾರಪತ್ರಿಕೆಗಳ ಧಾರಾವಾಹಿ ಇರುತ್ತಿದ್ದವು. ಹಿಂದಿನ ಕಂತೂ ಇಲ್ಲ, ಮುಂದಿನದೂ ಇಲ್ಲ. ಎಣ್ಣೆ ಇಳಿದಲ್ಲಿ ಆಚೆ ಬದಿಯ ಅಕ್ಷರ ಈಚೆ ಮೂಡಿರುತ್ತಿದ್ದವು. ಒಂದು ಹಾಳೆಯಲ್ಲಿ ಒಬ್ಬಾಕೆ ಗಂಡನ ಮನೆ ಬಿಟ್ಟು ಧಾರವಾಡದ ಬಸ್ಸು ಹತ್ತಿದ್ದಳು. ಅಲ್ಲಿಗೆ ಹಾಳೆ ಮುಗಿದಿತ್ತು. ಆಕೆಯನ್ನು ಧಾರವಾಡಕ್ಕೆ ಮುಟ್ಟಿಸುವ ಜವಾಬ್ದಾರಿ ಎಂಟನೆಯ ಇಯತ್ತೆಯ ನನ್ನ ಮೇಲೆ ಬಿತ್ತು. ನೋಟ್‌ಬುಕ್ಕಿನ ಹನ್ನೊಂದು ಪುಟಗಳಲ್ಲಿ ಮುಟ್ಟಿಸಿದೆ.

ನನಗೆ ಯಾರು ಸ್ಫೂರ್ತಿ ಎಂದು ಕೇಳಿದರೆ ಆ ಹೆಸರಿಲ್ಲದ ಹಾಳೆಗಳನ್ನೇ ಹೇಳಬೇಕು. ಶಾಲೆಯಲ್ಲಿ ಅಣ್ಣಾಭಾವು ಸಾಠೆ ಸಿಕ್ಕರು. ಶಾಲೆಯನ್ನೇ ಸರಿಯಾಗಿ ಕಾಣದ ಮನುಷ್ಯ ‘ಫಕಿರಾ’ ಬರೆದ ಸಂಗತಿ ನಮ್ಮ ಗಲ್ಲಿಯವರಿಗೆ ಸಣ್ಣದಲ್ಲ. ಕನ್ನಡದಲ್ಲಿ ಗೀತಾ ನಾಗಭೂಷಣ ಸಿಕ್ಕದ್ದು ತಡವಾಗಿ. ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತೆಂಬುದೂ ನನಗೆ ಗೊತ್ತಿರಲಿಲ್ಲ. ಕಲಬುರಗಿ ಕಡೆಯ ಮಾತು ಪುಸ್ತಕದಲ್ಲಿ ತಲೆಯೆತ್ತಿ ಓಡಾಡುವುದನ್ನು ನೋಡಿ, ಅವ್ವ ಜಗಳಾಡುವ ಭಾಷೆಯಲ್ಲೇ ಬರೆಯಬಹುದು ಅನ್ನಿಸಿತು.

ಹಾಗೆಯೇ ಬರೆದೆ. ಹೆಚ್ಚಿನದೆಲ್ಲ ಬಸ್ಸಿನಲ್ಲಿ, ಬಲಗೈ ಹೆಬ್ಬೆರಳಿನಲ್ಲಿ. ಎಡಗೈ ಮೇಲಿನ ಸರಳಿಗೆ. ಸಂಕಲನವನ್ನು ಒಬ್ಬ ಪ್ರಕಾಶಕರಿಗೆ ಕಳಿಸಿದೆ. ನಾಲ್ಕು ತಿಂಗಳ ಮೇಲೆ ಫೋನ್ ಬಂತು. ಕಥೆಗಳು ಚೆನ್ನಾಗಿವೆ, ಭಾಷೆ ಸ್ವಲ್ಪ ಶುದ್ಧ ಮಾಡಿ, 200 ಪ್ರತಿ ನೀವೇ ಕೊಂಡುಕೊಳ್ಳಿ. ಅಂದರೆ 30,000 ರೂಪಾಯಿ.

‘ಅಷ್ಟು ರೊಕ್ಕಾ ಕೊಟ್ಟು ನಮ್ಮ ಮಾತು ಅವರ ಕಡಿಂದ ತಿದ್ದಿಸ್ಕೋಬೇಕನು?’ ಅಂದಳು ಅವ್ವ, ಮಷಿನ್ನಿಗೆ ದಾರ ಹಾಕುತ್ತ. ಮುಂದಿನ ರವಿವಾರ ಅವಳ ಹೆಸರೇ ಬಂತು. ದೈವ ಗೀವ ಏನಿಲ್ಲ. ಡಬ್ಬಿಯಲ್ಲಿ ಉಳಿದಿದ್ದವೇ ಎರಡು ಚೀಟಿ. ಮೂವತ್ತಾರು ಸಾವಿರವನ್ನು ತಂದು ನನ್ನ ಲ್ಯಾಪ್‌ಟಾಪಿನ ಮೇಲಿಟ್ಟಳು. ಮದುವೆಯ ಮಾತು ಇಬ್ಬರೂ ಎತ್ತಲಿಲ್ಲ.

ಪುಸ್ತಕ ಮಾಡುವುದನ್ನು ಆಮೇಲೆ ಕಲಿತೆ. ಐಎಸ್‌ಬಿಎನ್ ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಪುಕ್ಕಟೆ ಸಿಗುತ್ತದೆ. ಯೂನಿಕೋಡಿನಲ್ಲಿ ಬರೆದದ್ದನ್ನು ನುಡಿಗೆ ಬದಲಿಸಿದರೆ ಅರ್ಕಾವತ್ತು ಎಲ್ಲೆಲ್ಲೋ ಹಾರುತ್ತದೆ. ಪುಸ್ತಕ ಹದಿನಾರು ಪುಟಗಳ ಫಾರಂ ಲೆಕ್ಕದಲ್ಲಿ ಅಚ್ಚಾಗುತ್ತದೆ. ನನ್ನ ಕಥೆಗಳು ಒಂಬತ್ತನೆಯ ಫಾರಂಗೆ ಹೋಗಿದ್ದವು, ದುಡ್ಡು ಎಂಟಕ್ಕೇ ಮುಗಿಯುತ್ತಿತ್ತು. ಒಂದು ಕಥೆ ತೆಗೆಯಬೇಕು. ಅಪ್ಪನದನ್ನು ತೆಗೆದೆ. ಕಾಗದದ ಬೆಲೆ ಏರಿತ್ತೆಂದು ಎಲ್ಲರಿಗೂ ಹೇಳಿದ್ದೇನೆ. ಆ ಕಥೆಯಲ್ಲಿ ಅಪ್ಪ ಕುಡಿದು ಬರುತ್ತಾನೆ. ಬೇರೆ ಪ್ರಕಾಶಕರಾಗಿದ್ದರೆ ಅದನ್ನೇ ಮೊದಲ ಕಥೆ ಮಾಡಿ ಅನ್ನುತ್ತಿದ್ದರೇನೋ. ಇಲ್ಲಿ ಪ್ರಕಾಶಕಿಯೂ ನಾನೇ, ಹೆದರಿದವಳೂ ನಾನೇ.

ಪುಸ್ತಕದ ಡಬ್ಬಗಳು ಬಂದ ದಿನ ಗಳಗನಾಥರು ನೆನಪಾದರು. ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಮರಾಠಿಯಿಂದ ಕನ್ನಡಕ್ಕೆ ತಂದವರು, ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಆಪ್ಟೆ ಮೇಲ್ವಿಚಾರಕರಾಗಿದ್ದ ಆನಂದಾಶ್ರಮ ಇದೇ ಪುಣೆಯ ಬುಧವಾರ ಪೇಠೆಯಲ್ಲಿದೆ. ಅಪ್ಪಾ ಬಳವಂತ ಚೌಕಿನಲ್ಲಿ ಪಠ್ಯಪುಸ್ತಕ ಕೊಳ್ಳಲು ಹೋದಾಗೆಲ್ಲ ಅದರ ಹತ್ತಿರವೇ ಓಡಾಡಿದ್ದೆ, ಗೊತ್ತಿಲ್ಲದೆ. ನನಗೆ ತಲೆಯ ಮೇಲೆ ಹೊರುವ ತಾಕತ್ತಿಲ್ಲ, ಬೆನ್ನಿಗೆ ಬ್ಯಾಗು ಇದೆ. ರಾಜ್ಯೋತ್ಸವದ ಕಾರ್ಯಕ್ರಮವೊಂದರಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕ ಟೇಬಲ್ ಸಿಕ್ಕಿತು. ‘ಗೌರವ ಪ್ರತಿ ಇಲ್ಲವೇ?’ ಎಂದು ಕೇಳಿದವರೇ ಹೆಚ್ಚು. ಕೇಳುವ ದನಿಯಲ್ಲಿ ಗೌರವವೂ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ.

ಊರಿಗೆ ಮೂವತ್ತು ಪ್ರತಿ ಕಳಿಸಿದೆ. ಅಂಚೆಗೆ ಖರ್ಚೆಂದು ಸ್ವಾರಗೇಟಿಗೇ ಹೋಗಿ ವಿಜಯಪುರದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ‘ಏನದು, ರೊಟ್ಟಿನಾ?’ ಅಂದರು. ಪುಸ್ತಕ ಅಂದೆ. ಗಂಟನ್ನು ಎತ್ತಿ ನೋಡಿ ಇಪ್ಪತ್ತು ರೂಪಾಯಿ ಹೆಚ್ಚು ಕೇಳಿದರು.

ಒಂದೂವರೆ ವರ್ಷದಲ್ಲಿ ದುಡ್ಡು ಕೊಟ್ಟು ಕೊಂಡವರು 163 ಜನ. ಹಾಗೇ ಕೊಟ್ಟದ್ದು 90. ಉಳಿದವು ಅವ್ವನ ಹೊಲಿಗೆ ಮಷಿನ್ನಿನ ಪಕ್ಕ, ಮೇಲೆ ಯೂನಿಫಾರ್ಮ್ ಬಟ್ಟೆಯ ಥಾನು. ಓದಿದವರಲ್ಲಿ ಐದಾರು ಜನ ಬರೆದು ತಿಳಿಸಿದರು. ಒಬ್ಬ ಹಿರಿಯರಂತೂ ‘ಅವ್ವನ ಬಿಸಿಗೆ’ ಎಂಬ ಅರ್ಪಣೆಯನ್ನೇ ಹೊಗಳಿದರು. ತಾಯಿಯ ಮಡಿಲಿನ ಶಾಖ ಪೂರ್ತಿ ಅದರಲ್ಲಿದೆಯಂತೆ. ಧನ್ಯವಾದ ಎಂದು ಬರೆದುಬಿಟ್ಟೆ. ಇಂದಿಗೂ ಅದಕ್ಕೆ ನಾಚಿಕೆಯಾಗುತ್ತದೆ.

ಅವ್ವ ಓದಿದಾಗ ಅಂದದ್ದೇ ಬೇರೆ. ‘ಏನಿದು, ನನಗ ಜ್ವರಾ ಬಂದಂಗ ಬರದಾರಲ್ಲ!’

ಅಂದಿನಿಂದ ಯಾರಿಗೆ ಕೊಟ್ಟರೂ ಮೊದಲು ಕಪ್ಪು ಪೆನ್ನಿನಲ್ಲಿ ಆ ಶಬ್ದ ತಿದ್ದಿ ಕೊಡುತ್ತೇನೆ. ‘ಬಿ’ಗೆ ಕೆಳಗೊಂದು ಸೀಳು ಎಳೆದು ಮಹಾಪ್ರಾಣ ಮಾಡುವುದು ಸುಲಭ. ‘ಸಿ’ ಅನ್ನು ‘ಶಿ’ ಮಾಡಲು ಹೊಡೆದುಹಾಕಿ ಮೇಲೆ ಬರೆಯಬೇಕು. ಭಿಶಿಯ ಹೆಂಗಸರೆಲ್ಲ ಒಂದೊಂದು ಪ್ರತಿ ಬೇಕೆಂದರು. ಅವರಲ್ಲಿ ಕನ್ನಡ ಓದಲು ಬರುವವಳು ಅವ್ವ ಒಬ್ಬಳೇ. ಉಳಿದವರು ಮರಾಠಿ, ತೆಲುಗಿನವರು. ಅವರವರ ಪ್ರತಿಯಲ್ಲಿ ನಾನು ತಿದ್ದುವಾಗ ಸುತ್ತ ಕೂತು ನೋಡಿದರು. ‘ಇದರಲ್ಲಿ ನಮ್ಮ ಭಿಶಿ ಯಾವುದು?’ ಎಂದು ಪಕ್ಕದ ಮನೆಯ ಮಾವಶಿ ಮರಾಠಿಯಲ್ಲಿ ಕೇಳಿದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟು, ಶಾಯಿ ಒರೆಸಿಹಾಕಿದಳು. ಮತ್ತೆ ಬರೆದುಕೊಟ್ಟೆ.

ಎರಡನೆಯ ಪುಸ್ತಕಕ್ಕೆ ಅಪ್ಪನ ಕಥೆಯನ್ನು ಮತ್ತೆ ಬರೆಯುತ್ತಿದ್ದೇನೆ. ಅವ್ವನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಷಿನ್ ತುಳಿಯುವುದು ನಿಂತಿತು. ‘ಬರಿ. ಆದರ ಈ ಸರ್ತಿ ನನ್ನ ರೊಕ್ಕಾ ಬಂಗಾರಕ್ಕ. ಪುಸ್ತಕದ ಭಿಶಿ ನೀನ ಹಾಕು.’

ಈ ಜೂನಿನಿಂದ ಹದಿಮೂರನೆಯವಳಾಗಿ ಸೇರಿದ್ದೇನೆ. ನನ್ನ ಚೀಟಿ ಇನ್ನೂ ಡಬ್ಬಿಯಲ್ಲಿದೆ.