ಚುಕ್ಕಿಯ ಲೆಕ್ಕ

ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ನಮ್ಮ ಹೊಂಗನೂರಿನಲ್ಲಿ ಇವತ್ತಿಗೂ ಏಸಿ ರೂಮು, ಅಮೆರಿಕದ ಫೋನು. ನಾನು ಮಾಡೋದು ಮಷೀನ್ ಕೈಲಿ ಅಂಟಿನ ಚುಕ್ಕಿ ಇಡಿಸೋ ಕೆಲಸ ಅಂದ್ರೆ ನಗ್ತಾರೆ. ನಗಲಿ ಬಿಡಿ.

ಸರ್ಕ್ಯೂಟ್ ಬೋರ್ಡನ್ನು ಕರಗಿದ ಬೆಸುಗೆಯ ಅಲೆಯ ಮೇಲೆ ಹಾಯಿಸುವಾಗ, ಅದರ ಅಡಿಯಲ್ಲಿರುವ ಅಕ್ಕಿಕಾಳಿಗಿಂತ ಚಿಕ್ಕ ಬಿಡಿಭಾಗಗಳು ಉದುರಬಾರದು. ಅದಕ್ಕೆ ಮೊದಲೇ ಒಂದೊಂದರ ಹೊಟ್ಟೆಗೂ ಒಂದು ಚುಕ್ಕಿ ಕೆಂಪು ಅಂಟು ಕೊಟ್ಟು, ಓವನ್ನಿನಲ್ಲಿ ಗಟ್ಟಿ ಮಾಡ್ತಾರೆ. ಚುಕ್ಕಿ ಸಣ್ಣದಾದ್ರೆ ಭಾಗ ಬೀಳುತ್ತೆ. ದೊಡ್ಡದಾದ್ರೆ ಅಂಟು ತಾಮ್ರದ ಮೇಲೆ ಹರಿದು ಬೆಸುಗೆ ಕೂರಲ್ಲ.

ಸೂಜಿ ಎಲ್ಲಿಗೆ ಹೋಗಬೇಕು ಅಂತ ಬರೆಯೋದು ಸುಲಭ. ಬೋರ್ಡಿನ ಮೂಲೆಯ ಗುರುತುಗಳನ್ನು ಕ್ಯಾಮೆರಾ ನೋಡಿಕೊಳ್ಳುತ್ತೆ, ಉಳಿದದ್ದು ಎಕ್ಸ್, ವೈ, ಝಡ್. ಕಷ್ಟ ಇರೋದು ಅಂಟಿನ ಸ್ವಭಾವದಲ್ಲಿ. ಗಾಳಿಯ ಒತ್ತಡ ಎಷ್ಟು, ಎಷ್ಟು ಮಿಲಿಸೆಕೆಂಡು, ಸೂಜಿ ಬೋರ್ಡಿಗಿಂತ ಎಷ್ಟು ಮೇಲೆ? ಸೂಜಿಯನ್ನು ಬೇಗ ಎತ್ತಿದ್ರೆ ಚುಕ್ಕಿಗೆ ಬಾಲ ಬರುತ್ತೆ. ಸಿರಿಂಜ್ ಖಾಲಿಯಾಗ್ತಾ ಒಳಗಿನ ಗಾಳಿ ಹೆಚ್ಚಿ, ಅದೇ ಒತ್ತಡ, ಅದೇ ಸಮಯಕ್ಕೆ ಚುಕ್ಕಿ ಸಣ್ಣದಾಗುತ್ತೆ.

ಬಿಡದಿ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಈ ಕೆಲಸವನ್ನು ನಾಲ್ಕು ಜನ ಹೆಣ್ಣುಮಕ್ಕಳು ಪೆಡಲ್ ಒತ್ತಿ ಕೈಯಲ್ಲೇ ಮಾಡ್ತಿದ್ದರು. ಅವರಲ್ಲೊಬ್ಬರು ನಮ್ಮೂರಿನ ಅಕ್ಕ. ಟ್ರಯಲ್ ದಿನ ಬೆಳಿಗ್ಗೆ ಮುತ್ತಿನಂತೆ ಕೂತ ಚುಕ್ಕಿಗಳು ಮಧ್ಯಾಹ್ನದ ಹೊತ್ತಿಗೆ ಹರಡತೊಡಗಿದವು. ನಾನು ಗಾಳಿಯ ಮೀಟರ್ ನೋಡ್ತಿದ್ದರೆ ಅಕ್ಕ ಪಕ್ಕದಿಂದ, “ಬಿಸ್ಲು ಏರಿದ್ರೆ ಅಂಟು ಸಡ್ಲ ಆಯ್ತದೆ ಕಣಪ್ಪ. ನಾವು ಊಟ ಆದ್ಮೇಲೆ ಪೆಡಲ್ ಬೇಗ ಬಿಟ್ಬುಡ್ತೀವಿ” ಅಂದರು. ಎಷ್ಟು ಬೇಗ ಅಂದರೆ, “ಕಾಲಿಗೆ ಗೊತ್ತು.”

ಆ ಕಾಲಿನ ಲೆಕ್ಕವನ್ನೇ ನಾವು ಎರಡು ದಿನ ಅಳೆದೆವು. ಅವರು ಪೆಡಲ್ ಒತ್ತಿದ ಸಮಯ ಒಂದು ಕಡೆ, ಅಂಟಿನ ಉಷ್ಣತೆ ಇನ್ನೊಂದು ಕಡೆ ಬರೆದಾಗ ಸಿಕ್ಕಿದ್ದು ಒಂದು ಚೊಕ್ಕ ಟೇಬಲ್. ಇವತ್ತು ಮಷೀನ್ ಓದೋದು ಅದನ್ನೇ.

ಅಕ್ಕನ ಅಪ್ಪ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯೋರು. ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿದ್ರೆ, ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತೆ. ಎಷ್ಟು ಒತ್ತಬೇಕು ಅನ್ನೋದು ಅಲ್ಲೂ ಕೈಗೆ ಮಾತ್ರ ಗೊತ್ತು.

ಪ್ರಾಜೆಕ್ಟ್ ಕಾಗದದಲ್ಲಿದ್ದ ಲಾಭ ಒಂದೇ ಸಾಲು: ನಾಲ್ವರ ಕೆಲಸಕ್ಕೆ ಒಬ್ಬರು ಸಾಕು. ನಾನು ರಿಪೋರ್ಟಿನಲ್ಲಿ ಇನ್ನೊಂದು ಸಾಲು ಸೇರಿಸಿದೆ. ಉಷ್ಣತೆಯ ಟೇಬಲ್ ಯಾರಿಂದ ಬಂತು ಅಂತ ಅಕ್ಕನ ಹೆಸರು ಬರೆದು, ಮಷೀನಿಗೆ ಅವರನ್ನೇ ಆಪರೇಟರ್ ಮಾಡಿ ಅಂತ ಕೇಳಿದೆ. ಮ್ಯಾನೇಜರ್ ಒಪ್ಪಿದರು, ಸಂಬಳವೂ ಸ್ವಲ್ಪ ಏರಿತು. ಇಬ್ಬರು ಪ್ಯಾಕಿಂಗಿಗೆ ಹೋದರು. ನಾಲ್ಕನೆಯವರು ಬರೋದೇ ಬಿಟ್ಟರು. ಅವರ ವಿಷಯದಲ್ಲಿ ನನ್ನ ಹತ್ತಿರ ಸಮಾಧಾನದ ಮಾತಿಲ್ಲ.

ಆಟೋಮೇಷನ್ನಿನಲ್ಲಿರೋ ಗೆಳೆಯರೇ, ಕೋಡ್ ಬರೆಯೋ ಮೊದಲು ಆ ಕೆಲಸ ಮಾಡೋರ ಪಕ್ಕ ಒಂದಿಡೀ ಶಿಫ್ಟ್ ಕೂತು ನೋಡಿ. ಕಲಿತದ್ದನ್ನು ಅವರ ಹೆಸರಿನ ಸಮೇತ ಬರೆದಿಡಿ. ಕಾಗದಕ್ಕೆ ಬರದ ಲೆಕ್ಕಕ್ಕೆ ಯಾರೂ ಸಂಬಳ ಕೊಡಲ್ಲ.